ಆರನೇ ಪಾಯಿಂಟಿನ ಅಳತೆ

"ಅಮ್ಮಾ, ದೊಡ್ಡಮ್ಮ ಯಾಕೆ ದೊಡ್ಡಪ್ಪನ ಬೂಟು ಹಾಕ್ಕೊಂಡು ಹೋಗ್ತಾಳೆ? ದೊಡ್ಡಪ್ಪ ನೀರಲ್ಲಿ ಹೋಗ್ಬಿಟ್ರಲ್ಲ, ಬೂಟು ಮಾತ್ರ ಹೇಗೆ ಉಳೀತು?"

ಮಗಳು ಇದನ್ನು ಕೇಳಿದ್ದು ಅಕ್ಕ ಹಳ್ಳದ ಕೆಲಸಕ್ಕೆ ಹೊರಟ ಮೊದಲನೇ ದಿನ ಬೆಳಿಗ್ಗೆ. ನನ್ನ ಒಂದು ಕೈಯಲ್ಲಿ ಮಗಳ ಜಡೆ, ಇನ್ನೊಂದರಲ್ಲಿ ರಿಬ್ಬನ್ನು, ಬಾಯಲ್ಲಿ ಪಿನ್ನು. ಬಾಯಲ್ಲಿ ಪಿನ್ನಿದ್ದದ್ದು ಒಳ್ಳೆಯದೇ ಆಯಿತು. ಅಕ್ಕ ಹೊಸ್ತಿಲ ಹತ್ತಿರ ಕೂತು ಬೂಟಿನ ಮೂತಿಗೆ ಬಟ್ಟೆ ಚೂರು ತುರುಕುತ್ತಿದ್ದಳು. ಭಾವನ ಪಾದ ಅವಳದಕ್ಕಿಂತ ಎರಡು ಬೆರಳು ಉದ್ದ.

"ದಡದ ಮೇಲೆ ಬಿಚ್ಚಿಟ್ಟು ಇಳಿದಿದ್ರು ಕಣೇ ಗುಂಡಿ. ಅದಕ್ಕೇ ಉಳೀತು," ಅಂದಳು, ತಲೆ ಎತ್ತದೆ.

ಗುಂಡಿ ಅನ್ನುವುದು ನನ್ನ ಮಗಳಿಗೆ ಅವಳಿಟ್ಟ ಹೆಸರು. ಹುಟ್ಟಿದಾಗ ಅಂಗಿಯ ಗುಂಡಿಯಷ್ಟೇ ಇದ್ದಳಂತೆ. ಅಕ್ಕನಿಗೆ ಜಗತ್ತೆಲ್ಲ ಹಾಗೇ ಕಾಣುತ್ತಿತ್ತು; ಹತ್ತೊಂಬತ್ತು ವರ್ಷ ಒಂದು ಟೈಲರ್ ಅಂಗಡಿಯಲ್ಲಿ ಕೂತು ಕಾಜಾ ಹೊಲಿದವಳು, ಗುಂಡಿ ಹಚ್ಚಿದವಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಒಂದು ಮಣೆ, ಪಕ್ಕದಲ್ಲಿ ಗುಂಡಿಗಳ ಡಬ್ಬ, ಮೇಲೊಂದು ದೀಪ. ಆ ದೀಪದ ಬಿಸಿಗೆ ಅವಳ ಎಡಗಡೆ ನೆತ್ತಿಯ ಕೂದಲು ಬೇಗ ಬೆಳ್ಳಗಾಯಿತು ಅಂತ ನಮ್ಮಮ್ಮ ಹೇಳುತ್ತಿದ್ದಳು. ಕಾಜಾ ಹಾಕುವ ಮಿಷನ್ನು ಬಂದ ಮೇಲೆ ಅಂಗಡಿಯವನು "ನೀನು ಬೇಕಾದ್ರೆ ಬಂದು ಕೂತಿರು" ಅಂದನಂತೆ. ಬಂದು ಕೂರುವುದಕ್ಕೆ ಅವಳೇನು ಕುರ್ಚಿಯೇ? ಬಿಟ್ಟುಬಂದಳು.

ಭಾವ ಹದಿನಾಲ್ಕು ಸೀಸನ್ ನೀರಿನ ಇಲಾಖೆಯಲ್ಲಿ ಕೆಲಸ ಮಾಡಿದವನು. ಮಳೆ ಹಿಡಿಯುವ ಮುಂಚೆ ಸೇರಿಸಿಕೊಳ್ಳುತ್ತಾರೆ, ಹಳ್ಳ ಇಳಿದ ಮೇಲೆ ಬಿಡಿಸುತ್ತಾರೆ. ವರ್ಷದಲ್ಲಿ ಏಳು ತಿಂಗಳು. ಗುಡ್ಡದ ಮೇಲಿಂದ ಹಳ್ಳದ ಜೊತೆಗೇ ನಡೆಯುತ್ತ ಪಾಯಿಂಟು ಅಂತ ಗೊತ್ತು ಮಾಡಿದ ಜಾಗಗಳಲ್ಲಿ ಅಳತೆಗೋಲು ನೋಡಿ ನೀರಿನ ಎತ್ತರ ಓದುವುದು, ಬಾಟಲಿಯಲ್ಲಿ ನೀರು ಹಿಡಿಯುವುದು, ಕಾಡಿನಲ್ಲಿ ಯಾರಾದರೂ ಮರ ಕಡಿದಿದ್ದರೆ, ಬೆಂಕಿ ಬಿದ್ದಿದ್ದರೆ, ಗುಡ್ಡ ಜಾರಿದ್ದರೆ ಬರೆದುಕೊಳ್ಳುವುದು. "ಏಳು ತಿಂಗಳು ಹಳ್ಳದ ಗಂಡ, ಐದು ತಿಂಗಳು ನನ್ನ ಗಂಡ" ಅಂತ ಅಕ್ಕ ಬಂದವರ ಮುಂದೆಲ್ಲ ತಮಾಷೆ ಮಾಡುತ್ತಿದ್ದಳು. ಮಕ್ಕಳಾಗಲಿಲ್ಲ. ಆ ವಿಷಯ ಅವಳೂ ಎತ್ತಲಿಲ್ಲ, ನಾವೂ ಕೆದಕಲಿಲ್ಲ.

ಹೋದ ಸೀಸನ್ನಿನ ಕೊನೆಯಲ್ಲಿ ಆರನೇ ಪಾಯಿಂಟಿನಲ್ಲಿ ನೀರಿಗಿಳಿದ ಭಾವ ಎರಡು ದಿನದ ಮೇಲೆ ಕೆಳಗಿನ ಮರದ ಸೇತುವೆಯ ಕಂಬಕ್ಕೆ ಸಿಕ್ಕಿಕೊಂಡಿದ್ದ. ಗುರುತು ಹಿಡಿಯಲು ಅಕ್ಕ ಹೋದಳು. ಮುಖ ನೋಡಿ ಆಗಲಿಲ್ಲವಂತೆ, ಅಂಗಿಯ ಎರಡನೇ ಗುಂಡಿಗೆ ತಾನೇ ಹಾಕಿದ್ದ ದಾರ ನೋಡಿ ಹೌದು ಅಂದಳಂತೆ. ಇಲಾಖೆಯಿಂದ ಒಂದು ಪತ್ರ ಬಂತು. 'ಉಕ್ಕುವ ನೀರಿನಲ್ಲೂ ಅಳತೆ ತಪ್ಪಿಸದ ಕರ್ತವ್ಯನಿಷ್ಠೆ' ಅಂತ ಅದರಲ್ಲೊಂದು ಸಾಲು. ಆ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಅಕ್ಕ ನಮ್ಮ ಮನೆಗೆ ಬಂದಳು. ಮುಂದಿನ ಕೋಣೆಯ ಮಂಚ ಅವಳಿಗಾಯಿತು, ನಾನು, ನನ್ನ ಗಂಡ, ಗುಂಡಿ ಮೂವರು ಒಳಕೋಣೆಗೆ. ಸೊಪ್ಪು ಕೊಡುವವಳು ಬಂದರೂ ಸರಿ, ಗ್ಯಾಸಿನವನು ಬಂದರೂ ಸರಿ, ಪತ್ರ ಹೊರಗೆ ಬರುತ್ತಿತ್ತು. ಗ್ಯಾಸಿನವನು ಹೆಗಲ ಮೇಲಿನ ಸಿಲಿಂಡರ್ ಇಳಿಸದೆಯೇ ಪೂರ್ತಿ ಓದಿ, "ದೊಡ್ಡ ಮನುಷ್ಯರು" ಅಂದು ಹೋದ. ಗಂಡ ಹೋದ ಮೇಲೆ ಅವಳಿಗೆ ಉಳಿದದ್ದು ಆ ಒಂದು ಸಾಲು.

ಹಾಗಾಗಿ ಅವನ ಜಾಗಕ್ಕೆ ತಾನೇ ಸೇರುತ್ತೇನೆ ಅಂತ ಅವಳು ಹೊರಟಾಗ ನಾನು ಬೇಡ ಅನ್ನಲಿಲ್ಲ. ನಲವತ್ತನಾಲ್ಕು ವರ್ಷ, ಮಂಡಿ ನೋವು, ನೆರಳಿನಲ್ಲೇ ಬೆಳೆದ ಮೈ. ಅಂದರೂ ಕೇಳುವವಳಲ್ಲ. ನಾನೂ ಜೊತೆಗೆ ಹೋಗಿದ್ದೆ. ಆಫೀಸೆಂದರೆ ಒಂದೇ ಕೋಣೆ: ಗೋಡೆಗೆ ಗುಂಡುಸೂಜಿ ಚುಚ್ಚಿದ ನಕಾಶೆ, ನೀರಿನ ಬಾಟಲಿ ಇಡುವ ಹಳೇ ಫ್ರಿಜ್ಜು, ಅದರ ಮೇಲೆ ಯಾರದೋ ಊಟದ ಡಬ್ಬಿ. ಸೂಪರ್‌ವೈಸರ್ ಸಾಹೇಬರು ಅರ್ಜಿ ನೋಡಿ, "ಈಜು ಬರುತ್ತೇನಮ್ಮಾ?" ಅಂದರು.

"ಅವರಿಗೆ ಬರ್ತಿತ್ತು ಸಾರ್," ಅಂದಳು ಅಕ್ಕ.

ಸಾಹೇಬರು ಅರ್ಜಿ ಎಳೆದುಕೊಂಡು ಸಹಿ ಹಾಕಿದರು.

ಮೊದಲನೇ ವಾರ ಸಂಜೆ ಬಂದವಳು ಗೋಡೆಗೊರಗಿ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು, ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡೇ. ನಾನು ಬಿಸಿನೀರಿಗೆ ಉಪ್ಪು ಹಾಕಿ ಅವಳ ಕಾಲು ಇಳಿಬಿಡಿಸುತ್ತಿದ್ದೆ. ಹಿಮ್ಮಡಿಯಲ್ಲಿ ಬೊಬ್ಬೆ, ಮೀನಖಂಡದಲ್ಲಿ ಜಿಗಣೆ ಕಚ್ಚಿದ ಗುರುತು. ಎರಡನೇ ವಾರಕ್ಕೆ ಮಾತು ಶುರುವಾಯಿತು. ನೀರು ಹಿಡಿಯುವಾಗ ಹರಿದು ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕಂತೆ, ಇಲ್ಲದಿದ್ದರೆ ನಮ್ಮ ಕಾಲಿನ ಕೆಸರೇ ಬಾಟಲಿಗೆ ಬರುತ್ತೆ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ಚೆಲ್ಲಬೇಕು. ಪೆನ್ನು ಕೂಡದು, ಪೆನ್ಸಿಲ್ಲೇ. ಅಳತೆ ಬರೆಯುವ ಶೀಟು ನೆನೆದರೂ ಅಂಕಿ ಉಳಿಯುತ್ತೆ. ನೀರು ಎಷ್ಟು ಶುದ್ಧ ಅಂತ ತಿಳಿಯಲು ಕಲ್ಲು ಎತ್ತಿ ಅದರಡಿಯ ಹುಳ ಎಣಿಸಿ, ಆ ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ಮಲಗಿಸಬೇಕು.

"ನಿಂಗೆ ಎಣಿಸೋದು ಸಲೀಸು ಬಿಡು," ಅಂದೆ.

"ಗುಂಡಿ ಓಡಿಹೋಗಲ್ಲ ಕಣೇ. ಇವು ಓಡ್ತವೆ." ಅವತ್ತು ಎಷ್ಟೋ ತಿಂಗಳ ಮೇಲೆ ಅವಳು ನಕ್ಕಿದ್ದು.

ಅವಳ ಜೊತೆಗಾರ ಒಬ್ಬನಿದ್ದ. ಉದ್ದ ಕಾಲು, ಬಾಗಿದ ಕುತ್ತಿಗೆ, ನೀರಿನಲ್ಲಿ ಒಂಟಿ ಕಾಲೆತ್ತಿ ನಿಲ್ಲುವ ಚಾಳಿ. ಎಲ್ಲರೂ ಅವನನ್ನು ಕೊಕ್ಕರೆ ಅನ್ನುತ್ತಿದ್ದರು. ಭಾವನ ಜೊತೆ ಹತ್ತು ಸೀಸನ್ ನಡೆದವನು, ಅಕ್ಕನನ್ನು ಅತ್ತಿಗೆ ಅನ್ನುತ್ತಿದ್ದ. ಹಳ್ಳ ಎರಡು ಕವಲಾಗುವ ಕಡೆಯಿಂದ ಒಂದು ಕವಲು ಅವನದು, ಇನ್ನೊಂದು ಅಕ್ಕನದು. ಮೊದಲ ಎರಡು ವಾರ, ಈ ಸಲ ಬೇಗ ಹಿಡಿದ ಮಳೆಯಿಂದ, ಆರನೇ ಪಾಯಿಂಟಿನವರೆಗೆ ಹೋಗಲಾಗಿರಲಿಲ್ಲ. ಮೂರನೇ ವಾರ ಕೊಕ್ಕರೆಯೇ ಕರೆದುಕೊಂಡು ಹೋದ. ಅವತ್ತು ಸಂಜೆ ಅಕ್ಕ ಕಾಲು ತೊಳೆಯದೆ ಅಡಿಗೆಮನೆಗೆ ಬಂದು, ನಾನು ತರಕಾರಿ ಹೆಚ್ಚುತ್ತಿದ್ದ ಮೇಜಿನ ಮುಂದೆ ಕೂತಳು.

"ಅಲ್ಲಿ ಅಳತೆಗೋಲೇ ಇಲ್ಲ ಕಣೇ."

"ಬಿದ್ದುಹೋಯ್ತಾ?"

"ಬಿದ್ದು ಮೂರು ವರ್ಷ ಆಗಿದೆ. ಐದನೇ ಪಾಯಿಂಟಿನ ಅಂಕಿಗೆ ಹನ್ನೆರಡು ಕೂಡಿಸಿ ಬರ್ಕೊಳ್ಳಿ ಅತ್ತಿಗೆ, ಇಳಿಯೋ ಗೋಜಿಗೆ ಹೋಗಬೇಡಿ ಅಂದ. ಯಾರು ಹೇಳಿದ್ದು ಈ ಲೆಕ್ಕ ಅಂತ ಕೇಳಿದ್ರೆ..." ಅವಳು ನಾನು ಹೆಚ್ಚಿಟ್ಟ ಚೂರುಗಳನ್ನು ಒಂದೊಂದೇ ಸರಿಸಿ ಸಾಲಾಗಿ ಜೋಡಿಸಿದಳು. "ಇವರೇ ಕಂಡುಹಿಡಿದದ್ದಂತೆ."

ಆರನೇ ಪಾಯಿಂಟಿಗೆ ಇಳಿಯುವ ದಾರಿ ಕಡಿದಾದ ಬಂಡೆ. ಕೋಲಿದ್ದ ಕಾಲದಲ್ಲಿ ಭಾವ ವರ್ಷಗಟ್ಟಲೆ ಐದು ಮತ್ತು ಆರರ ಅಂಕಿ ಹೋಲಿಸಿ ನೋಡಿದ್ದ. ಯಾವಾಗಲೂ ಹನ್ನೆರಡು ಸೆಂಟಿಮೀಟರು ಹೆಚ್ಚು, ಕೂದಲೆಳೆ ಆಚೀಚೆ. ಕೋಲು ಕೊಚ್ಚಿಕೊಂಡು ಹೋದಾಗ ಹೊಸದು ಕೇಳಿ ಅರ್ಜಿ ಹಾಕಿದನಂತೆ, ಬರಲಿಲ್ಲ. ಶೀಟಿನಲ್ಲಿ ಆ ಕಾಲಮ್ಮು ಖಾಲಿ ಬಿಟ್ಟರೆ ವಾಪಸು ಕಳಿಸುತ್ತಿದ್ದರಂತೆ. ಕೊನೆಗೆ ಕೂಡಿಸಿ ಬರೆಯಲು ಶುರು ಮಾಡಿದ. ಹಾಗೆ ಮೂರು ವರ್ಷ.

ಆ ಅಂಕಿ ಎಲ್ಲಿಗೆ ಹೋಗುತ್ತೆ ಅನ್ನುವುದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆರನೇ ಪಾಯಿಂಟಿನಲ್ಲಿ ಎಪ್ಪತ್ತು ಸೆಂಟಿಮೀಟರು ದಾಟಿದರೆ ಕೆಳಗಿನ ಮರದ ಸೇತುವೆಗೆ ಸರಪಳಿ ಹಾಕಿ ಮುಚ್ಚುತ್ತಾರೆ. ಆಚೆ ದಡದ ಇಟ್ಟಿಗೆ ಗೂಡಿಗೆ ಹೋಗುವವರು, ಸೌದೆ ತರುವವರು, ದನ ಮೇಯಿಸುವವರು ಎಲ್ಲರಿಗೂ ಅದೇ ದಾರಿ.

"ಸಾಹೇಬರಿಗೆ ಹೇಳಲ್ವಾ?" ಅಂತ ಕೇಳಿದೆ.

"ಹೇಳಿದ್ರೆ ಆ ಪತ್ರ ಏನಾಗುತ್ತೆ?"

ಉತ್ತರ ತೋಚಲಿಲ್ಲ ಅಂತ ಬರೆದರೆ ಸುಳ್ಳಾಗುತ್ತೆ. ತೋಚಿತು, ಬಾಯಿಗೆ ಬರಲಿಲ್ಲ. ಅವಳು ಸಾಲಾಗಿ ಜೋಡಿಸಿದ್ದ ಚೂರುಗಳನ್ನು ಬಾಚಿ ಬಾಣಲೆಗೆ ಹಾಕಿದೆ. ಅಲ್ಲಿಂದ ಮುಂದೆ ವಾರಕ್ಕೊಂದು ಸಲ ಅಕ್ಕ ನಮ್ಮ ಅಡಿಗೆಮನೆಯ ಮೇಜಿನ ಮೇಲೆ ಶೀಟು ಹರಡಿ, ಪೆನ್ಸಿಲ್ ನಾಲಿಗೆಗೆ ತಾಗಿಸಿ, ಆರನೇ ಸಾಲು ತುಂಬುತ್ತಿದ್ದಳು. ನಾನು ಅವಳಿಗೆ ಬೆನ್ನು ಹಾಕಿ ಒಗ್ಗರಣೆ ಹಾಕುತ್ತಿದ್ದೆ.

ಐದನೇ ವಾರ ಕೊಕ್ಕರೆ ಮನೆಗೇ ಬಂದ. ಅಕ್ಕನ ಮಂಡಿ ಊದಿಕೊಂಡು, ನಡೆಸಿಕೊಂಡು ಬಿಡಲು ಬಂದವನು. ಒದ್ದೆ ಬಟ್ಟೆಯೆಂದು ಕುರ್ಚಿಯ ಮೇಲೆ ಕೂರಲು ಒಪ್ಪದೆ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತ. ಗುಂಡಿ ಅವನ ಕಾಲನ್ನೇ ನೋಡುತ್ತಿದ್ದಳು.

"ನೀವು ನಿಜವಾಗ್ಲೂ ಮೀನು ತಿಂತೀರಾ?"

"ಹಸಿಯಾಗಿ," ಅಂದ ಅವನು. ಅವಳು ಒಳಗೋಡಿದಳು.

ಚಹಾ ಕುಡಿಯುತ್ತ ಅವನೇ ಮಾತು ತೆಗೆದ. "ಅತ್ತಿಗೆ, ಯಾವಾಗ್ಲೂ ಹನ್ನೆರಡೇ ಹಾಕ್ತಿದೀರಂತೆ. ಒಂದು ವಾರ ಹನ್ನೊಂದು ಹಾಕಿ, ಒಂದು ವಾರ ಹದಿಮೂರು. ಅಣ್ಣ ಎಡವಿದ್ದು ಅಲ್ಲೇ."

"ಎಡವಿದ್ದು ಅಂದ್ರೆ?"

ಅವನು ಲೋಟದೊಳಗೆ ನೋಡಿದ. ಬಾಯಿ ತಪ್ಪಿ ಅಂದುಬಿಟ್ಟೆನಲ್ಲ ಅನ್ನಿಸಿರಬೇಕು. ಅಕ್ಕ ಬಿಡಲಿಲ್ಲ. "ಹೇಳು. ಅರ್ಧ ಹೇಳಿ ಎದ್ದು ಹೋದ್ರೆ ನನ್ನಾಣೆ."

"ಸಾಹೇಬ್ರು ಫೋನ್ ಮಾಡಿದ್ರು ಅತ್ತಿಗೆ ಅವತ್ತು. ಐದಕ್ಕೂ ಆರಕ್ಕೂ ಯಾವಾಗ್ಲೂ ಹನ್ನೆರಡೇ ವ್ಯತ್ಯಾಸ ಯಾಕ್ರಿ, ಇಳಿದು ಓದ್ತಿದೀರೋ ಮನೇಲಿ ಕೂತು ಬರೀತಿದೀರೋ ಅಂದ್ರು. ನಾನು ಪಕ್ಕದಲ್ಲೇ ಇದ್ದೆ. ಅಣ್ಣನ ಮುಖ ಬಿಳಿಚಿಕೊಂಡಿತು. ಇವತ್ತು ಸರಿಯಾಗಿ ಓದಿ ಕೊಡ್ತೀನಿ ಅಂತ ಒಂದು ಕೋಲು ಮುರ್ಕೊಂಡು ಹೊರಟ. ಬೇಡ ಅಣ್ಣ, ನೀರು ಜೋರಿದೆ ಅಂದೆ. ಕೇಳಲಿಲ್ಲ. ನಾನು ನನ್ನ ಕವಲಿಗೆ ಹೋದೆ." ಲೋಟ ಕೆಳಗಿಟ್ಟು ಹೇಳಿದ, "ಬೂಟು ಬಿಚ್ಚಿ ಇಳಿಯೋದು ಹೊಸಬರು ಮಾಡೋ ತಪ್ಪು ಅತ್ತಿಗೆ. ಪಾಚಿ ಮೇಲೆ ಬರಿಗಾಲು ನಿಲ್ಲಲ್ಲ. ನನಗೆ ಕಲಿಸಿದ್ದೇ ಅವನು. ಮೂರು ವರ್ಷ ಇಳಿದಿರಲಿಲ್ಲವಲ್ಲ, ಅಭ್ಯಾಸ ತಪ್ಪಿತ್ತು. ಇಳಿದಿದ್ದು ಅವತ್ತೊಂದೇ ದಿನ."

ಮನೆಯೊಳಗೆ ಕುಕ್ಕರ್ ಕೂಗಿತು. ನಾನು ಎದ್ದು ಹೋಗಿ ಉರಿ ಸಣ್ಣ ಮಾಡಿ ಬಂದೆ. ಅಕ್ಕ ಅದೇ ಜಾಗದಲ್ಲಿ ಹಾಗೇ ಕೂತಿದ್ದಳು.

"ಸಾಹೇಬ್ರು ಆಮೇಲೆ ಆ ಹನ್ನೆರಡರ ವಿಷಯ ಕೇಳಲಿಲ್ವಾ?" ಅಂತ ನಾನೇ ಕೇಳಿದೆ.

"ಅವರೂ ಹೆದರಿದಾರೆ. ಫೋನ್ ಮಾಡಿದ್ದು ಹೊರಗೆ ಬಂದ್ರೆ ಅವರಿಗೂ ಕಷ್ಟ. ಅದಕ್ಕೇ ಅಲ್ವಾ ಆ ಪತ್ರ." ಎದ್ದು ಹೊರಡುತ್ತ ಕೊಕ್ಕರೆ ಇನ್ನೊಂದು ಮಾತು ಸೇರಿಸಿದ. "ಈ ಸಲ ಹುಷಾರು. ಗುಡ್ಡ ಜಾರಿದ ಮೇಲೆ ಮೇಲಿನ ತೊರೆ ಒಂದು ಈ ಕಡೆಗೆ ತಿರುಗಿದೆ. ಐದಕ್ಕೂ ಆರಕ್ಕೂ ಮಧ್ಯೆ ಬಂದು ಸೇರುತ್ತೆ. ಹನ್ನೆರಡರ ಲೆಕ್ಕ ಜೋರು ಮಳೆಯಲ್ಲಿ ನಡೆಯುತ್ತೋ ಇಲ್ಲವೋ ನನಗೆ ಗೊತ್ತಿಲ್ಲ."

ಆ ದಿನದಿಂದ ಪತ್ರ ಹೊರಗೆ ಬರಲಿಲ್ಲ. ಗ್ಯಾಸಿನವನು ಬಂದ, ಹೋದ.

ಅಕ್ಕನಿಗೆ ಅಳು ಬಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅಳಲಿಲ್ಲ. ಬೆಳಿಗ್ಗೆ ಏಳುವಳು, ಬುತ್ತಿ ಕಟ್ಟಿಕೊಂಡು ಹೋಗುವಳು, ಬಂದು ಗುಂಡಿಗೆ ಹುಳಗಳ ಚಿತ್ರ ಬರೆದು ತೋರಿಸುವಳು. ಬಟ್ಟೆ ಮಡಿಸುವಾಗ ಮಾತ್ರ ಭಾವನ ಒಂದು ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದಳು. ಒಂದು ದಿನ ನಾನು ಅದನ್ನು ಅವಳ ಕೈಯಿಂದ ತೆಗೆದುಕೊಂಡು ಕಪಾಟಿನಲ್ಲಿಟ್ಟೆ. ಬಿಟ್ಟುಕೊಟ್ಟಳು.

ಏಳನೇ ವಾರ ನಾಲ್ಕು ದಿನ ಬಿಡದೆ ಮಳೆ. ಬುಧವಾರ ಸಂಜೆ ಬಂದವಳು ಮೇಜಿನ ಮುಂದೆ ಕೂತು ಶೀಟು ತೆಗೆದಳು. ಐದನೇ ಸಾಲಿನಲ್ಲಿ ನಲವತ್ತೊಂಬತ್ತು.

"ಆರನೇ ಪಾಯಿಂಟಲ್ಲಿ ಇವರು ಕೂತು ಊಟ ಮಾಡ್ತಿದ್ದ ಬಂಡೆ ಅಂತ ಕೊಕ್ಕರೆ ಮೇಲಿಂದ ತೋರಿಸಿದ್ದ," ಅಂದಳು. "ಇವತ್ತು ಕಾಣಿಸಲಿಲ್ಲ."

"ಚಹಾ ಮಾಡ್ಲಾ?" ಅಂದೆ ನಾನು.

ಅವಳು ಅರವತ್ತೊಂದು ಅಂತ ಬರೆದಳು. ನಾನು ಕೊಟ್ಟ ಚಹಾ ಕುಡಿದಳು. ಗುರುವಾರ ಬೆಳಿಗ್ಗೆ ಶೀಟು ಆಫೀಸಿಗೆ ಹೋಯಿತು. ಮಂಡಿಗೆ ರಜೆ ಬೇಕೆಂದು ಹೇಳಿ ಅವಳು ವಾಪಸು ಬಂದಳು.

ಅವತ್ತೇ ಮಧ್ಯಾಹ್ನ ಗುಂಡಿ ಶಾಲೆಯಿಂದ ಚೀಟಿ ತಂದಳು. ಚೀಲದ ಬಾಯಿ ತೆರೆಯುವ ಮೊದಲೇ ಹಾರಾಡುತ್ತಿದ್ದಳು. ಶನಿವಾರ ಒಂದನೇ ತರಗತಿಯ ಮಕ್ಕಳನ್ನು ಹಳ್ಳ ತೋರಿಸಲು ಕರೆದೊಯ್ಯುತ್ತೇವೆ, ಮರದ ಸೇತುವೆ ದಾಟಿ ಆಚೆ ಬಯಲಿನಲ್ಲಿ ಊಟ, ಡಬ್ಬಿ ಕಳಿಸಿ. ಕೆಳಗೆ: 'ನೀರಿನ ಇಲಾಖೆಯಲ್ಲಿ ವಿಚಾರಿಸಲಾಗಿದೆ. ಮಟ್ಟ ಅರವತ್ತೊಂದು, ಮಿತಿಯೊಳಗಿದೆ. ಪೋಷಕರು ಒಪ್ಪಿ ಸಹಿ ಹಾಕಬೇಕು.'

ನಾನು ಓದಿ ಅದನ್ನು ಅಕ್ಕನ ಮುಂದಿಟ್ಟೆ. ಅವಳು ಎರಡು ಸಲ ಓದಿದಳು, ಬೆರಳಿಟ್ಟುಕೊಂಡು.

"ಜ್ವರ ಅಂತ ಬರೆದು ಕಳಿಸು," ಅಂದಳು.

ನಾಚಿಕೆಯ ಮಾತು, ಆದರೂ ಬರೆಯುತ್ತೇನೆ: ನಾನು ಪೆನ್ನು ತೆಗೆದುಕೊಂಡೆ. 'ಮಗಳಿಗೆ ಜ್ವರ ಇರುವುದರಿಂದ' ಅನ್ನುವವರೆಗೆ ಬರೆದೆ ಕೂಡ. ತಾಯಿಯಾದವಳಿಗೆ ಮೊದಲು ಕಾಣುವುದು ತನ್ನದೇ ಮಗು. ಅವಳೊಬ್ಬಳನ್ನು ಮನೆಯಲ್ಲಿ ಕೂರಿಸಿಕೊಂಡರೆ ಆಯಿತು ಅನ್ನಿಸಿದ್ದು ನಿಜ.

ಗುಂಡಿ ಇಣುಕಿ ನೋಡಿದಳು. ಅಕ್ಷರ ಕೂಡಿಸಿ ಓದುವಷ್ಟು ಬರುತ್ತೆ ಈಗ.

"ನಂಗೆಲ್ಲಿ ಜ್ವರ?"

"ಬರೋ ಹಾಗಿದೆ. ಮುಖ ಬಾಡಿದೆ ನೋಡು."

"ಇಲ್ಲ! ಮುಟ್ಟಿ ನೋಡು!" ನನ್ನ ಕೈ ಎಳೆದು ಹಣೆಗಿಟ್ಟುಕೊಂಡಳು. "ನಾನು ಹೋಗ್ಲೇಬೇಕಮ್ಮಾ. ಟೀಚರ್ ಜೋಡಿ ಮಾಡಿದಾರೆ. ಸೇತುವೆ ಮೇಲೆ ಕೈ ಹಿಡ್ಕೊಂಡು ದಾಟ್ಬೇಕು. ಕನ್ನಡಕದ ಹುಡುಗಿ ನನ್ನ ಜೋಡಿ. ನಾನು ಹೋಗ್ದಿದ್ರೆ ಅವಳ ಕೈ ಯಾರು ಹಿಡ್ಕೋತಾರೆ? ಅವಳಿಗೆ ಸರಿಯಾಗಿ ಕಾಣಲ್ಲ."

ಅಕ್ಕ ಅವಳನ್ನು ಹತ್ತಿರ ಎಳೆದುಕೊಂಡು ಕೇಳಿದಳು,

"ಎಷ್ಟು ಜನ ಮಕ್ಕಳು ನಿಮ್ಮ ಕ್ಲಾಸಲ್ಲಿ?"

"ಮೂವತ್ತೆರಡು. ಹದಿನಾರು ಜೋಡಿ." ಲೆಕ್ಕ ಸರಿಯಾಗಿ ಹೇಳಿದ ಹೆಮ್ಮೆ ಅವಳಿಗೆ.

ನಾನು ಬರೆದಿದ್ದ ಕಾಗದ ಹರಿದೆ. "ಅಕ್ಕಾ, ನಿಜವಾಗ್ಲೂ ಎಷ್ಟಿರಬಹುದು ಅಲ್ಲಿ?"

"ಆ ಬಂಡೆ ಮುಳುಗಿರೋದು ನೋಡಿದ್ರೆ ಎಂಬತ್ತರ ಮೇಲೆ. ತೊಂಬತ್ತೂ ಇರಬಹುದು."

"ಹಾಗಾದ್ರೆ ಶನಿವಾರದವರೆಗೆ ಯಾಕೆ? ಈಗ್ಲೂ ಜನ ದಾಟ್ತಾನೇ ಇದ್ದಾರೆ."

"ಗೊತ್ತು." ಅವಳ ದನಿ ಗಡುಸಾಗಿತ್ತು. "ಗೊತ್ತಿಲ್ಲ ಅಂದ್ಕೊಂಡ್ಯಾ? ರಾತ್ರಿಯಿಡೀ ಸೇತುವೆಯೇ ಕಣ್ಮುಂದೆ. ಆದ್ರೆ ಒಂದು ಸಲ ಬಾಯಿ ಬಿಟ್ರೆ ಬರೀ ನಿನ್ನೆಯ ಅಂಕಿ ಸುಳ್ಳಾಗಲ್ಲ ಕಣೇ. ಮೂರು ವರ್ಷದ್ದೂ ಕೆದಕ್ತಾರೆ. ಕಳ್ಳ ಲೆಕ್ಕ ಬರೆದವನು ಅಂತಾರೆ ಅವರನ್ನ. ಉಳಿದ ಹನ್ನೊಂದು ವರ್ಷ ಬಿದ್ದು ಎದ್ದು ಇಳಿದು ಓದಿದ್ದು ಯಾರ ನೆನಪಿಗೂ ಬರಲ್ಲ. ಕೊಕ್ಕರೆ ಕೆಲಸ ಕಳ್ಕೊಂಡು ಮನೆಗೆ ಹೋಗ್ತಾನೆ. ನಾನೂ."

"ಫೋನ್ ಮಾಡಿ ಹೇಳಿಬಿಡು."

"ಫೋನಿನಲ್ಲಿ ಹೇಳಿದ್ರೆ ಆಯ್ತು ನೋಡೋಣ ಅಂತಾರೆ. ಶೀಟಿನ ಆ ಅಂಕಿ ಮೇಲೆ ನಾನೇ ಕೈಯಾರೆ ಅಡ್ಡಗೆರೆ ಎಳೀಬೇಕು. ಅವರ ಕಣ್ಮುಂದೆ."

ಅವಳು ಎದ್ದಳು. ಮಂಡಿ ಹಿಡಿದು, ಗೋಡೆ ಹಿಡಿದು. ಕವರಿನಿಂದ ಪತ್ರ ತೆಗೆದು, ಓದದೆ, ಮೇಜಿನ ಮೇಲೆ ಇಟ್ಟಳು. ಗಡಿಯಾರದಲ್ಲಿ ಮೂರೂವರೆ, ಆಫೀಸು ಐದಕ್ಕೆ ಮುಚ್ಚುತ್ತೆ. ನಾನು ಗುಂಡಿಯನ್ನು ಪಕ್ಕದ ಮನೆಗೆ ಬಿಟ್ಟು ಬರಲು ಚಪ್ಪಲಿ ಹುಡುಕುತ್ತಿದ್ದೆ. ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಒಂದು ಉಪಕಾರ ಮಾಡ್ತೀಯಾ? ಸಾಹೇಬ್ರು ಕೆಟ್ಟವರಲ್ಲ. ಕೂತ್ಕೊಳ್ಳಿ ಅಂತಾರೆ, ನೀರು ಕೊಡ್ತಾರೆ, ನಿಮ್ಮ ಯಜಮಾನರಂಥವರು ಸಿಗಲ್ಲಮ್ಮ ಅಂತ ಶುರು ಮಾಡ್ತಾರೆ. ಅಷ್ಟು ಕೇಳಿದ್ರೆ ನನ್ನ ಬಾಯಿ ಕಟ್ಟಿಹೋಗುತ್ತೆ, ನನಗೆ ನನ್ನದು ಗೊತ್ತು. ಆಗ ನೀನು ಹೇಳಿಬಿಡು. ನಮ್ಮ ಅಡಿಗೆಮನೆ ಮೇಜಿನ ಮೇಲೆ ಬರೆದದ್ದು, ನಾನೇ ಕಣ್ಣಾರೆ ಕಂಡಿದ್ದೀನಿ ಅಂತ. ನಾನು ಅಳ್ತೀನಿ, ಸುಮ್ನಿರು ಅಂತ ಬೈತೀನಿ. ಬೈದ್ರೂ ನಿಲ್ಲಿಸಬೇಡ."